ಮಸಲ್ ಶೋಲ್ಸ್‌ನಿಂದ ಜಾಕ್ಸನ್‌ವರೆಗೆ: ಯಾರೂ ಜಾಸ್ತಿ ಕೇಳದ ಹಾಡುಗಾರರ ಊರುಗಳಲ್ಲಿ

ಗುರುವಾರ, ಮಸಲ್ ಶೋಲ್ಸ್

ಅಮೆರಿಕದ ದಕ್ಷಿಣ ರಾಜ್ಯಗಳ ಸೋಲ್ ಸಂಗೀತ, ಅಂದರೆ ಕರಿಯರ ಚರ್ಚಿನ ಹಾಡೂ ಬ್ಲೂಸೂ ಬೆರೆತ ಸಂಗೀತ, ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಓಟಿಸ್ ರೆಡಿಂಗ್, ಅರೀಥಾ ಫ್ರಾಂಕ್ಲಿನ್, ಅಲ್ ಗ್ರೀನ್. ಮೂವರೂ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹಾಡಿದ ಕೋಣೆಗಳಲ್ಲೇ, ಅವರಿಗೆ ನುಡಿಸಿದವರ ಜೊತೆಗೇ ಹಾಡಿ ಹೋದ ಇನ್ನೊಂದಿಷ್ಟು ಜನ ಇದ್ದಾರೆ. ಜೇಮ್ಸ್ ಕಾರ್, ಓ.ವಿ. ರೈಟ್, ಸ್ಪೆನ್ಸರ್ ವಿಗಿನ್ಸ್, ಜಾರ್ಜ್ ಜಾಕ್ಸನ್. ನನಗೆ ಇವರೇ ಹೆಚ್ಚು ಹತ್ತಿರ. ಈ ಹಾಡುಗಳು ಹುಟ್ಟಿದ ಜಾಗ ನೋಡಬೇಕು ಅಂತ ಬಹಳ ವರ್ಷದ ಆಸೆ ಇತ್ತು. ಅಕ್ಕ ಭಾವ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಇದ್ದಾರೆ. ಏಪ್ರಿಲ್‌ನಲ್ಲಿ ರಜೆ ಹಾಕಿ ಅಲ್ಲಿಗೆ ಹೋದೆ, ಭಾವ ಕಾರು ತೆಗೆದರು.

ಭಾವ ಧಾರವಾಡದವರು. ಮನೆಯಲ್ಲಿ ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರು ಹಾಡದಿದ್ದರೆ ಅವರಿಗೆ ಚಹಾ ಇಳಿಯುವುದಿಲ್ಲ. ಸೋಲ್ ಸಂಗೀತ ಅಷ್ಟಾಗಿ ಕೇಳಿದವರಲ್ಲ. "ನೀ ಹಾಕು, ನಾ ಕೇಳ್ತೀನಿ" ಅಂದರು. ಇಂಥ ಜೊತೆಗಾರ ಸಿಕ್ಕರೆ ಇನ್ನೇನು ಬೇಕು.

ಹೆದ್ದಾರಿ 72ರಲ್ಲಿ ಪಶ್ಚಿಮಕ್ಕೆ ಒಂದೂಕಾಲು ಗಂಟೆ. ಟೆನ್ನೆಸ್ಸೀ ನದಿಯ ಪಕ್ಕ ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯಾ, ಮಸಲ್ ಶೋಲ್ಸ್ ಅಂತ ನಾಲ್ಕು ಸಣ್ಣ ಊರು ಅಂಟಿಕೊಂಡಿವೆ. ಅವಲಾನ್ ಅವೆನ್ಯೂದಲ್ಲಿ ಫೇಮ್ ಸ್ಟುಡಿಯೋ. ಸುತ್ತ ಔಷಧಿ ಅಂಗಡಿ, ಬರ್ಗರ್ ಅಂಗಡಿ. ಗೊತ್ತಿಲ್ಲದಿದ್ದರೆ ಹಾಗೇ ದಾಟಿ ಹೋಗುತ್ತೀರಿ. ಅಲ್ಲಿ ಈಗಲೂ ರೆಕಾರ್ಡಿಂಗ್ ನಡೆಯುತ್ತದೆ, ಕೆಲಸ ಇದ್ದಾಗ ಒಳಗೆ ಬಿಡುವುದಿಲ್ಲ, ಅದಕ್ಕೇ ಹಿಂದಿನ ದಿನ ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ.

ಈ ಕಟ್ಟಡ ಎದ್ದಿದ್ದು ಆರ್ಥರ್ ಅಲೆಗ್ಸಾಂಡರ್ ಹಾಡಿನ ದುಡ್ಡಿನಿಂದ. ಆತ ಶೆಫೀಲ್ಡ್‌ನ ಹೋಟೆಲೊಂದರಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುವ ಹುಡುಗ. 1961ರಲ್ಲಿ, ಹಿಂದೆ ತಂಬಾಕಿನ ಗೋದಾಮಾಗಿದ್ದ ಜಾಗದಲ್ಲಿ, ಫೇಮ್‌ನ ಒಡೆಯ ರಿಕ್ ಹಾಲ್ ಆತನಿಂದ 'ಯು ಬೆಟರ್ ಮೂವ್ ಆನ್' ಹಾಡಿಸಿದರು. ಹಾಡು ಓಡಿತು, ಆ ಹಣದಲ್ಲಿ ರಿಕ್ ಹಾಲ್ ಈ ಹೊಸ ಸ್ಟುಡಿಯೋ ಕಟ್ಟಿದರು. ಅಲೆಗ್ಸಾಂಡರ್ ಹಾಡುಗಳನ್ನು ಬೀಟಲ್ಸ್ ಹಾಡಿದರು, ರೋಲಿಂಗ್ ಸ್ಟೋನ್ಸ್ ಹಾಡಿದರು. ಆದರೆ ಆತ ಮುಂದೆ ಕ್ಲೀವ್‌ಲ್ಯಾಂಡ್‌ನಲ್ಲಿ ಬಸ್ ಓಡಿಸಿಕೊಂಡು ವರ್ಷಗಟ್ಟಲೆ ಇದ್ದರು. 1993ರಲ್ಲಿ ಮತ್ತೆ ಒಂದು ಆಲ್ಬಮ್ ಬಂತು, ಜನ ತಿರುಗಿ ನೋಡಿದರು, ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು. ಅವರ ದನಿಯಲ್ಲಿ ಕೂಗಾಟವೇ ಇಲ್ಲ. ತಗ್ಗಿದ ಸ್ವರದಲ್ಲಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾರೆ.

ಒಳಗೆ ನನಗೆ ಹೆಚ್ಚು ನೆನಪಾಗಿದ್ದು ಮಾತ್ರ ಜಾರ್ಜ್ ಜಾಕ್ಸನ್. ಇಲ್ಲಿ ಸಂಬಳಕ್ಕೆ ಹಾಡು ಬರೆಯುತ್ತಿದ್ದವರು. ಆಸ್ಮಂಡ್ಸ್ ಅಣ್ಣತಮ್ಮಂದಿರು ಇದೇ ಸ್ಟುಡಿಯೋದಲ್ಲಿ ಹಾಡಿ 1971ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿಸಿದ 'ಒನ್ ಬ್ಯಾಡ್ ಆಪಲ್' ಬರೆದಿದ್ದು ಅವರೇ. ಬೇರೆಯವರಿಗೆ ಹಾಡು ತೋರಿಸಲು ಅಂತ ಮೊದಲು ತಾವೇ ಹಾಡಿ ಟೇಪ್ ಮಾಡುತ್ತಿದ್ದರು. ಆ ಟೇಪ್‌ಗಳು ಕಪಾಟಿನಲ್ಲೇ ಉಳಿದವು. ಲಂಡನ್ನಿನ ಏಸ್ ಕಂಪನಿ ಅವನ್ನು ಹುಡುಕಿ ತೆಗೆದು ಸಿಡಿ ಮಾಡಿದ್ದು 2011ರಲ್ಲಿ. ಕೇಳಿ ನೋಡಿ. ಮಾದರಿಗೆ ಅಂತ ಹಾಡಿದವು, ಆದರೆ ಎಷ್ಟೋ ಕಡೆ ಮುಗಿದ ರೆಕಾರ್ಡಿಗಿಂತ ಜೀವಂತವಾಗಿವೆ.

ಸಂಜೆ ಶೆಫೀಲ್ಡ್‌ನ 3614 ಜಾಕ್ಸನ್ ಹೈವೇಗೂ ಹೋದೆವು. ಫೇಮ್‌ನ ವಾದ್ಯದವರೇ 1969ರಲ್ಲಿ ಹೊರಬಂದು ಮಾಡಿಕೊಂಡ ಸ್ಟುಡಿಯೋ. ಅಲ್ಲಿ ಜನಜಾತ್ರೆ, ಟೀ ಶರ್ಟ್ ಅಂಗಡಿ. ಬೇಗ ಹೊರಟೆವು.

ಊಟಕ್ಕೆ ಮೀಟ್ ಅಂಡ್ ತ್ರೀ, ಅಂದರೆ ಒಂದು ಮಾಂಸ, ಮೂರು ಪಲ್ಯ. ಭಾವ ಸಸ್ಯಾಹಾರಿ. ಬರೀ ಪಲ್ಯದ ತಟ್ಟೆಯೂ ಸಿಗುತ್ತದೆ, ಆದರೆ ಈ ಕಡೆ ಸೊಪ್ಪು, ಅಲಸಂದೆ ಎಲ್ಲಕ್ಕೂ ಹಂದಿ ಮಾಂಸದ ತುಂಡು ಹಾಕಿ ಬೇಯಿಸುತ್ತಾರೆ. ಕೇಳಿಯೇ ತಿನ್ನಬೇಕು. ಬಡಿಸುವ ಹೆಂಗಸು ತಾವೇ ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬಂದು, ಕರಿದ ಬೆಂಡೆಕಾಯಿ, ಗೆಣಸು, ಕಾರ್ನ್‌ಬ್ರೆಡ್ ತಂದುಕೊಟ್ಟರು. ಬೆಂಡೆಕಾಯಿ ಗರಿಗರಿಯಾಗಿತ್ತು, ಭಾವ ಎರಡನೇ ಸಲ ಹಾಕಿಸಿಕೊಂಡರು.

ಶುಕ್ರವಾರ, ಮೆಂಫಿಸ್ ದಾರಿ

ಬೆಳಿಗ್ಗೆ ಮೋಡ. ದಾರಿಯಲ್ಲಿ ಮಿಸ್ಸಿಸ್ಸಿಪ್ಪಿಯ ಕಾರಿಂತ್ ಸಿಗುತ್ತದೆ. ಇಲ್ಲಿನ ವಿಶೇಷ ಸ್ಲಗ್‌ಬರ್ಗರ್. ಬಡತನದ ಕಾಲದಲ್ಲಿ ಮಾಂಸ ಸಾಲದೆ ಹಿಟ್ಟು ಬೆರೆಸಿ ಕರಿಯುತ್ತಿದ್ದರಂತೆ, ಈಗಲೂ ಹಾಗೇ. ಸಾಸಿವೆ, ಉಪ್ಪಿನಕಾಯಿ, ಈರುಳ್ಳಿ ಹಾಕಿ ಕೊಡುತ್ತಾರೆ. ಬಿಸಿಬಿಸಿ ಇದ್ದಾಗ ಚೆನ್ನ. ಆರಿದರೆ ರುಚಿ ಹೋಯಿತು, ಪಾರ್ಸೆಲ್ ಬೇಡ.

ಕಾರಿನಲ್ಲಿ ಸ್ಪೆನ್ಸರ್ ವಿಗಿನ್ಸ್ ಹಾಕಿದೆ. ಮೆಂಫಿಸ್‌ನ ಹುಡುಗ, ಗೋಲ್ಡ್‌ವ್ಯಾಕ್ಸ್ ಅನ್ನುವ ಸಣ್ಣ ಕಂಪನಿಗೆ ಹಾಡಿದರು, ಆಮೇಲೆ ಫೇಮ್‌ನಲ್ಲೂ. 'ಐ'ಡ್ ರಾದರ್ ಗೋ ಬ್ಲೈಂಡ್' ಅಂದರೆ ಎಟ್ಟಾ ಜೇಮ್ಸ್ ಅಂತ ಎಲ್ಲರಿಗೂ ಗೊತ್ತು, ಅವರೂ ಅದನ್ನು ಹಾಡಿದ್ದು ಫೇಮ್‌ನಲ್ಲೇ. ಅದೇ ಹಾಡನ್ನು ವಿಗಿನ್ಸ್ ಕೂಡ ಹಾಡಿದ್ದಾರೆ. ಎಟ್ಟಾ ದುಃಖವನ್ನು ಹಿಡಿದಿಟ್ಟುಕೊಂಡು ಹಾಡಿದರೆ, ಈತ ಕೊನೆಯ ನಿಮಿಷದಲ್ಲಿ ಕಟ್ಟೆ ಒಡೆದು ಬಿಡುತ್ತಾರೆ. ದೊಡ್ಡ ಹೆಸರು ಬರಲಿಲ್ಲ. ಮುಂದೆ ಫ್ಲಾರಿಡಾಕ್ಕೆ ಹೋಗಿ ಚರ್ಚಿನ ಹಾಡಿಗೆ ತಿರುಗಿದರು, 2023ರಲ್ಲಿ ತೀರಿಕೊಂಡರು.

ಮೆಂಫಿಸ್‌ನ ಮ್ಯಾಕ್‌ಲೆಮೋರ್ ಅವೆನ್ಯೂದಲ್ಲಿ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಯ ವಸ್ತುಸಂಗ್ರಹಾಲಯ. ಜಿಮ್ ಸ್ಟೀವರ್ಟ್, ಅವರ ಅಕ್ಕ ಎಸ್ಟೆಲ್ ಆಕ್ಸ್ಟನ್ ಸೇರಿ ಹಳೆ ಸಿನಿಮಾ ಟಾಕೀಸಿನಲ್ಲಿ ನಡೆಸಿದ ಕಂಪನಿ. 1975ರ ಕೊನೆಗೆ ದಿವಾಳಿ, 1989ರಲ್ಲಿ ಕಟ್ಟಡವನ್ನೇ ಕೆಡವಿಬಿಟ್ಟರು. ಈಗ ಇರುವುದು ಅದೇ ಜಾಗದಲ್ಲಿ ಹಾಗೇ ಕಟ್ಟಿ 2003ರಲ್ಲಿ ತೆರೆದದ್ದು. ಸ್ಟ್ಯಾಕ್ಸ್‌ನ ಹಾಡುಗಾರ ಐಸಾಕ್ ಹೇಯ್ಸ್ ಅವರ, ಚಿನ್ನದ ಲೇಪದ ಅಲಂಕಾರವಿರುವ ಕ್ಯಾಡಿಲಾಕ್ ಕಾರಿನ ಸುತ್ತ ಜನ ಫೋಟೋ ತೆಗೆಯುತ್ತಿದ್ದರು. ನೀವು ಅಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ನೆಲದಿಂದ ಚಾವಣಿವರೆಗೆ ರೆಕಾರ್ಡ್ ಜೋಡಿಸಿದ ಗೋಡೆಗಳಿವೆ, ಅಲ್ಲಿ ನಿಲ್ಲಿ. ಭಾವ ಒಂದೊಂದೇ ಹೆಸರು ಓದಿ "ಇವರು ಯಾರು? ಇವರು?" ಅಂತ ಕೇಳುತ್ತಾ ಹೋದರು. ಮೇಬಲ್ ಜಾನ್ ಹೆಸರು ಬಂದಾಗ ಫೋನಿನಲ್ಲೇ ಹಾಕಿ ಕಿವಿಗೆ ಕೊಟ್ಟೆ. 'ಯುವರ್ ಗುಡ್ ಥಿಂಗ್', 1966. ಬರೆದವರು ಹೇಯ್ಸ್ ಮತ್ತು ಡೇವಿಡ್ ಪೋರ್ಟರ್. ಮೂರು ವರ್ಷದ ಮೇಲೆ ಲೂ ರಾಲ್ಸ್ ಹಾಡಿದಾಗ ಅದು ಊರೆಲ್ಲ ಓಡಿತು. ಆದರೆ ಗಂಡನಿಗೆ ಕೊನೆಯ ಎಚ್ಚರಿಕೆ ಕೊಡುವ ಹೆಂಗಸಿನ ಹಾಡನ್ನು ಹೆಂಗಸಿನ ದನಿಯಲ್ಲೇ ಕೇಳಬೇಕು. ಮೇಬಲ್ ಬೆದರಿಸುವುದಿಲ್ಲ. ಸುಮ್ನೆ ವಿಷಯ ತಿಳಿಸುತ್ತಾರೆ. ಅದೇ ಹೆಚ್ಚು ನಾಟುತ್ತದೆ.

ಶನಿವಾರ, ಮೆಂಫಿಸ್

ಈ ದಿನಕ್ಕಾಗಿಯೇ ಬಂದಿದ್ದು ನಾನು. ಊರಿನ ದಕ್ಷಿಣಕ್ಕೆ ರಾಯಲ್ ಸ್ಟುಡಿಯೋ. ಇದೂ ಹಳೆ ಟಾಕೀಸೇ. ಇಲ್ಲಿ ಹಾಡು ಮಾಡಿಸುತ್ತಿದ್ದ ವಿಲ್ಲಿ ಮಿಚೆಲ್ ಅವರದೇ ಹೆಸರು ಈಗ ರಸ್ತೆಗೆ. ಅವರು 2010ರಲ್ಲಿ ತೀರಿಕೊಂಡರು, ಮಗ ಬೂ ಮಿಚೆಲ್ ನಡೆಸುತ್ತಿದ್ದಾರೆ. ಮೊದಲೇ ಕೇಳಿಕೊಳ್ಳದೆ ಹೋದರೆ ಬಾಗಿಲು ತೆರೆಯುವುದಿಲ್ಲ. ನಾವು ವಾರಗಳ ಹಿಂದೆಯೇ ಬರೆದಿದ್ದೆವು.

ಒಳಗೆ ಹೆಜ್ಜೆ ಇಟ್ಟರೆ ನೆಲ ಇಳಿಜಾರು. ಟಾಕೀಸಿನಲ್ಲಿ ಕುರ್ಚಿ ಸಾಲು ಇದ್ದ ಇಳಿಜಾರು ಹಾಗೇ ಇದೆ, ನಡೆದರೆ ಕಾಲಿಗೆ ಗೊತ್ತಾಗುತ್ತದೆ. ಮಾತಾಡಿದರೆ ದನಿ ಎಲ್ಲೂ ತಿರುಗಿ ಬರುವುದಿಲ್ಲ, ಅಲ್ಲೇ ಕೂತುಬಿಡುತ್ತದೆ. ಇಲ್ಲಿ ರೆಕಾರ್ಡ್ ಮಾಡುತ್ತಿದ್ದ 'ಹೈ' ಅನ್ನುವ ಕಂಪನಿಯ ರೆಕಾರ್ಡುಗಳಲ್ಲಿ ಡ್ರಮ್ಮು ಅಷ್ಟು ಮೆತ್ತಗೆ, ಅಷ್ಟು ಹತ್ತಿರ ಕೇಳುವುದು ಯಾಕೆ ಅಂತ ನಿಂತಲ್ಲೇ ಅರ್ಥವಾಯಿತು. ಅಲ್ ಗ್ರೀನ್ ಹಾಡಿದ್ದು ಇಲ್ಲಿ, ಆನ್ ಪೀಬಲ್ಸ್ ಹಾಡಿದ್ದು ಇಲ್ಲಿ. ಗಿಟಾರಿಗೆ ಟೀನಿ ಹಾಜಸ್, ಆರ್ಗನ್ನಿಗೆ ಚಾರ್ಲ್ಸ್, ಬೇಸಿಗೆ ಲಿರಾಯ್, ಮೂವರೂ ಅಣ್ಣತಮ್ಮಂದಿರು, ಜೊತೆಗೆ ಡ್ರಮ್ಮಿಗೆ ಹೊವರ್ಡ್ ಗ್ರೈಮ್ಸ್. ಓ.ವಿ. ರೈಟ್ ಹಾಡಿದ್ದೂ ಇವರ ಜೊತೆಗೇ.

ರೈಟ್ ಮತ್ತು ಜೇಮ್ಸ್ ಕಾರ್ ಕಥೆ ಒಟ್ಟಿಗೇ ಶುರುವಾಗುತ್ತದೆ. ಇಬ್ಬರೂ ಚರ್ಚಿನಲ್ಲಿ ಹಾಡುತ್ತಿದ್ದವರು. ರೂಸ್‌ವೆಲ್ಟ್ ಜಾಮಿಸನ್ ಅಂತ ಒಬ್ಬರು, ಮೆಂಫಿಸ್‌ನಲ್ಲಿ ರಕ್ತನಿಧಿಯಲ್ಲಿ ಕೆಲಸ, ಸಂಗೀತದ ಹುಚ್ಚು. ಗೋಲ್ಡ್‌ವ್ಯಾಕ್ಸ್‌ನ ಕ್ವಿಂಟನ್ ಕ್ಲಾಂಚ್ ಮನೆ ಬಾಗಿಲನ್ನು ನಡುರಾತ್ರಿ ತಟ್ಟಿ, ಈ ಇಬ್ಬರನ್ನೂ ನಿಲ್ಲಿಸಿ, ಟೇಪ್ ಕೇಳಿಸಿದರು. ಜಾಮಿಸನ್ ಬರೆದ 'ದಟ್ಸ್ ಹೌ ಸ್ಟ್ರಾಂಗ್ ಮೈ ಲವ್ ಈಸ್' ಹಾಡನ್ನು ಮೊದಲು ರೆಕಾರ್ಡ್ ಮಾಡಿದ್ದು ರೈಟ್, 1964ರಲ್ಲಿ. ಸ್ವಲ್ಪದರಲ್ಲೇ ಓಟಿಸ್ ರೆಡಿಂಗ್ ಹಾಡಿದರು, ಜನಕ್ಕೆ ಅದೇ ನೆನಪು. ಅಷ್ಟರಲ್ಲಿ ಹ್ಯೂಸ್ಟನ್‌ನ ರೆಕಾರ್ಡ್ ಕಂಪನಿ ಒಡೆಯ ಡಾನ್ ರೋಬಿ ತಮ್ಮ ಹಳೆ ಕರಾರು ಮುಂದಿಟ್ಟರು. ಚರ್ಚಿನ ತಂಡದಲ್ಲಿದ್ದಾಗ ರೈಟ್, ರೋಬಿಯವರ ಕಂಪನಿಗೆ ಸಹಿ ಹಾಕಿದ್ದರು. ಹಾಗಾಗಿ ಗೋಲ್ಡ್‌ವ್ಯಾಕ್ಸ್ ಕೈಬಿಟ್ಟು ರೋಬಿಯವರ ಬ್ಯಾಕ್ ಬೀಟ್ ಲೇಬಲ್ಲಿಗೆ ಹೋದರು. ಒಬ್ಬ ಹಾಡುಗಾರನ ಹಣೆಬರಹ ಒಂದು ಕಾಗದದ ಮೇಲೆ ನಿಂತುಬಿಡುವುದು ಈ ಸಂಗೀತದಲ್ಲಿ ಮತ್ತೆ ಮತ್ತೆ ನಡೆದಿದೆ. ದನಿಗೂ ಹೆಸರಿಗೂ ಸಂಬಂಧವೇ ಇಲ್ಲದ ಹಾಗೆ.

ಜೇಮ್ಸ್ ಕಾರ್ 'ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್' ಹಾಡಿದ್ದೂ ಇದೇ ರಾಯಲ್‌ನಲ್ಲಿ. 1967ರಲ್ಲಿ ಬಂತು. ಬರೆದವರು ಡಾನ್ ಪೆನ್, ಚಿಪ್ಸ್ ಮೋಮನ್. ಕದ್ದುಮುಚ್ಚಿ ಭೇಟಿಯಾಗುವ ಇಬ್ಬರ ಹಾಡು ಅದು. ಎಷ್ಟೋ ಜನ ಹಾಡಿದ್ದಾರೆ, ಕಾರ್ ಹಾಡಿದ ಮೇಲೆ ಬೇರೆ ಯಾರದ್ದೂ ಬೇಡ ಅಂತ ನನಗೆ ಅನಿಸುತ್ತದೆ. ಆತನಿಗೆ ಮನಸ್ಸಿನ ಕಾಯಿಲೆ ಇತ್ತು. 1979ರಲ್ಲಿ ಜಪಾನಿನಲ್ಲಿ ವೇದಿಕೆ ಮೇಲೆ ಹಾಡಲಾಗದೆ ನಿಂತುಬಿಟ್ಟರು. 2001ರಲ್ಲಿ ತೀರಿಕೊಂಡರು. ಆ ದನಿಯಲ್ಲಿ ಒಂದು ನಡುಕ ಇದೆ, ಅದನ್ನು ಯಾರೂ ಹೇಳಿಕೊಡಲು ಆಗುವುದಿಲ್ಲ.

ಮಧ್ಯಾಹ್ನ ಮಿಡ್‌ಟೌನ್‌ನ ಹಳೆ ರೆಕಾರ್ಡ್ ಅಂಗಡಿಯಲ್ಲಿ ಓ.ವಿ. ರೈಟ್‌ರ 'ಎ ನಿಕಲ್ ಅಂಡ್ ಎ ನೇಲ್' ಸಿಂಗಲ್, ಅಂದರೆ ಮಗ್ಗುಲಿಗೊಂದು ಹಾಡಿನ ಸಣ್ಣ ರೆಕಾರ್ಡ್, ಸಿಕ್ಕಿತು, 1971ರದ್ದು. ಅಂಗಡಿಯವರು ಅದನ್ನು ದೀಪದ ಕೆಳಗೆ ಓರೆ ಹಿಡಿದು ತೋರಿಸಿದರು. ಮೇಲೆ ಕೂದಲೆಳೆಯಂಥ ಗೀರುಗಳು. "ಇವು ಕೇಳಿಸಲ್ಲ. ನೋಡಬೇಕಾದ್ದು ಇದು" ಅಂತ ಸಾಲುಗಳು ಬೂದು ಬಣ್ಣಕ್ಕೆ ತಿರುಗಿದ ಇನ್ನೊಂದು ತಟ್ಟೆ ತೋರಿಸಿದರು, ಭಾರದ ಮುಳ್ಳಿನಿಂದ ಸವೆದದ್ದು. ಹಳೆ ಸಿಂಗಲ್ ಕೊಳ್ಳುವವರು ಇಷ್ಟು ನೋಡಿಕೊಂಡರೆ ಸಾಕು, ಜೊತೆಗೆ ಅಲ್ಲೇ ಹಾಕಿಸಿ ಕೇಳಿ. ನಮಗೂ ಹಾಕಿದರು. ಸ್ವಲ್ಪ ಚಟಪಟ ಸದ್ದು, ಹಾರ್ನ್‌ಗಳು, ಆಮೇಲೆ ಆ ದನಿ. ಎಲ್ಲ ಕಳೆದುಕೊಂಡು ಜೇಬಿನಲ್ಲಿ ಒಂದು ಪುಡಿಗಾಸು, ಒಂದು ಮೊಳೆ ಮಾತ್ರ ಉಳಿದವನ ಹಾಡು. ರೈಟ್ ಸಾಲಿನ ಕೊನೆಗೆ ಬಂದಾಗ ಸ್ವರವನ್ನು ಬಿಡುವುದಿಲ್ಲ, ಗಂಟಲಲ್ಲಿ ಹಿಸುಕಿ ಹಿಸುಕಿ ಇನ್ನೊಂದು ಸುತ್ತು ತಿರುಗಿಸುತ್ತಾರೆ. ಭಾವ ಕಣ್ಣು ಮುಚ್ಚಿ ಕೇಳಿದರು. "ನೋಡಪಾ, ಸ್ವರ ಹಚ್ಚೋದು ಅಂದ್ರ ಇದು. ಇನ್ನೊಮ್ಮೆ ಹಾಕಸು" ಅಂದರು. ಹಾಕಿಸಿದೆ.

ಅಂಗಡಿಯಲ್ಲಿದ್ದ ಹಿರಿಯರೊಬ್ಬರು ನಮ್ಮ ಹತ್ತಿರ ಬಂದರು. ಚಿಕ್ಕವರಿದ್ದಾಗ ಡಬ್ಲ್ಯುಡಿಐಎ ರೇಡಿಯೋದಲ್ಲಿ ಈ ಹಾಡು ಕೇಳಿದ್ದರಂತೆ. ಸಮಾಧಿ ನೋಡಲು ಹೋಗುತ್ತೀರಾ ಅಂತ ಕೇಳಿದರು. ರೈಟ್ 1980ರ ನವೆಂಬರ್‌ನಲ್ಲಿ, 41ನೇ ವಯಸ್ಸಿಗೆ ಹೋಗಿಬಿಟ್ಟರು. ಸಮಾಧಿಗೆ ಹೆಸರಿನ ಕಲ್ಲೇ ಇರಲಿಲ್ಲ, 2008ರಲ್ಲಿ ಅಭಿಮಾನಿಗಳು ದುಡ್ಡು ಸೇರಿಸಿ ಇಡಿಸಿದರು. "ಅಷ್ಟು ವರ್ಷ ನಾವು ಈ ಊರಲ್ಲೇ ಇದ್ದೆವು" ಅಂದರು ಹಿರಿಯರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಭಾನುವಾರ, ಹೇಲ್ ರಸ್ತೆ, ಆಮೇಲೆ ಹೆದ್ದಾರಿ 61

ಬೆಳಿಗ್ಗೆ ಹೇಲ್ ರಸ್ತೆಯಲ್ಲಿ, ಅಲ್ ಗ್ರೀನ್ ಪಾದ್ರಿಯಾಗಿರುವ ಚರ್ಚಿಗೆ ಹೋದೆವು. ಯಾರು ಬಂದರೂ ಕೂರಿಸಿಕೊಳ್ಳುತ್ತಾರೆ. ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿ, ಫೋನ್ ಜೇಬಲ್ಲೇ ಇರಲಿ, ಕಾಣಿಕೆ ತಟ್ಟೆ ಬಂದಾಗ ಕೈಲಾದಷ್ಟು ಹಾಕಿ. ಗ್ರೀನ್ ಇರುವುದು ಖಾತ್ರಿ ಇಲ್ಲ, ಅಂದು ಇರಲಿಲ್ಲ. ಬೇಜಾರೇನೂ ಆಗಲಿಲ್ಲ. ಹಸಿರು ಸೀರೆಯಷ್ಟೇ ಹೊಳೆಯುವ ಬಟ್ಟೆ ತೊಟ್ಟ ಅಜ್ಜಿಯೊಬ್ಬರು ಎದ್ದು ನಿಂತು ಒಂದೇ ಸಾಲನ್ನು ಹತ್ತಾರು ಥರ ತಿರುಗಿಸಿ ಹಾಡಿದರು, ಹಿಂದೆ ಆರ್ಗನ್ ಅವರನ್ನು ಹುಡುಕಿಕೊಂಡು ಹೋಗುತ್ತಿತ್ತು. ನಿನ್ನೆ ಕೇಳಿದ ರೈಟ್ ಎಲ್ಲಿಂದ ಬಂದರು ಅಂತ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಮಧ್ಯಾಹ್ನ ಹೆದ್ದಾರಿ 61ರಲ್ಲಿ ದಕ್ಷಿಣಕ್ಕೆ. ಡೆಲ್ಟಾ, ಅಂದರೆ ಮಿಸ್ಸಿಸ್ಸಿಪ್ಪಿ ನದಿ ಪಕ್ಕದ ಹತ್ತಿ ಬೆಳೆಯುವ ಸೀಮೆ, ಕಣ್ಣು ಹಾಯುವವರೆಗೂ ಸಪಾಟು. ಹತ್ತಿ ಇನ್ನೂ ಬಿತ್ತಿರಲಿಲ್ಲ, ಹೊಲಗಳಲ್ಲಿ ಮಳೆನೀರು ನಿಂತಿತ್ತು. ದಾರಿಬದಿಯ ಗುಡಿಸಲಂಗಡಿಯಲ್ಲಿ ಟಮಾಲೆ ತಿಂದೆ. ಮೆಕ್ಕೆಜೋಳದ ಹಿಟ್ಟು, ಒಳಗೆ ಖಾರದ ಮಾಂಸ, ಜೋಳದ ಸಿಪ್ಪೆಯಲ್ಲಿ ಸುತ್ತಿ ಮಸಾಲೆ ನೀರಲ್ಲಿ ಬೇಯಿಸಿದ್ದು. ಕೈ ಎಲ್ಲ ಕೆಂಪಾಯಿತು. ಭಾವನಿಗೆ ಬಿಸ್ಕೆಟ್ ಮತ್ತು ಅಕ್ಕ ಕಟ್ಟಿಕೊಟ್ಟ ಶೇಂಗಾ ಚಟ್ನಿ.

ಕ್ಲಾರ್ಕ್ಸ್‌ಡೇಲ್ ತಲುಪುವಾಗ ಆಕಾಶ ಹಸಿರುಗಪ್ಪಾಗಿತ್ತು. ಇದು ಸೋಲ್ ಹಾಡುಗಾರ ಸ್ಯಾಮ್ ಕುಕ್ ಹುಟ್ಟಿದ ಊರು. ಸಂಜೆ ಸಂಗೀತ ಕೇಳಲು ಹೋಗೋಣ ಅಂತಿದ್ದೆವು. ಆಗಲಿಲ್ಲ. ಎಂಟು ಗಂಟೆಗೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿದವು, ಸುಂಟರಗಾಳಿ ಎಚ್ಚರಿಕೆ. ಮೋಟೆಲ್ ಮಾಲೀಕರು ಗುಜರಾತಿನವರು, ಬಾಗಿಲು ಬಾಗಿಲು ತಟ್ಟಿ ಎಲ್ಲರನ್ನೂ ನೆಲಮಹಡಿಯ ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದರು. ಕಿಟಕಿ ಇಲ್ಲದ ಜಾಗ. ಹೊರಗೆ ಸೈರನ್, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು.

ಅಲ್ಲಿ ನಮ್ಮ ಪಕ್ಕ ಕೂತಿದ್ದ ಹಿರಿಯ ಹೆಂಗಸು ಊರಿನವರೇ. ಅವರ ಮನೆ ಟ್ರೇಲರ್, ಎಳೆದೊಯ್ಯಬಹುದಾದ ಹಗುರ ಮನೆ. ಗಾಳಿ ಬರುತ್ತದೆ ಅಂದರೆ ಟ್ರೇಲರ್‌ನಲ್ಲಿ ಇರಬಾರದು, ಪ್ರತಿ ಸಲ ಇಲ್ಲಿ ಬಂದು ಕೂರುತ್ತಾರೆ. ನೀವ್ಯಾಕೆ ಇಷ್ಟು ದೂರ ಬಂದಿರಿ ಅಂದರು. ಹೇಳಿದೆ. ಓ.ವಿ. ರೈಟ್ ಹೆಸರು ಕೇಳಿ ಜೋರಾಗಿ ನಕ್ಕರು. ಅವರ ಅಮ್ಮ ಭಾನುವಾರ ಬ್ಲೂಸ್ ರೆಕಾರ್ಡ್ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಆದರೆ ಝಡ್.ಝಡ್. ಹಿಲ್‌ರ 'ಡೌನ್ ಹೋಮ್ ಬ್ಲೂಸ್' ಬಂದಾಗ ಅಮ್ಮನೇ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದರಂತೆ. "ನಮ್ಮ ಮನೆಯವರೆಲ್ಲ ಸೇರಿದಾಗ ಇವತ್ತಿಗೂ ಅದನ್ನು ಹಾಕದೆ ಊಟಕ್ಕೆ ಕೂರಲ್ಲ." ಆ ಹಾಡು ಬರೆದದ್ದು ಜಾರ್ಜ್ ಜಾಕ್ಸನ್ ಅಂದೆ. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ಫೋನಿನಲ್ಲಿ ಜಾರ್ಜ್ ಜಾಕ್ಸನ್‌ರ ಫೇಮ್ ಟೇಪ್ ಒಂದನ್ನು ಹಾಕಿದೆ, ಒಗೆಯುವ ಕೋಣೆಯಲ್ಲಿ ಅಷ್ಟೂ ಜನ ಕೇಳಿದರು. ಗಾಳಿ ಊರಿನ ಉತ್ತರಕ್ಕೆ ಸರಿದು ಹೋಯಿತು. ಏಪ್ರಿಲ್‌ನಲ್ಲಿ ಈ ಕಡೆ ಬರುವವರು ರಾತ್ರಿ ಫೋನ್ ಸದ್ದು ಆರಿಸಬೇಡಿ.

ಸೋಮವಾರ, ಇಂಡಿಯನೋಲಾ

ತೊಳೆದಿಟ್ಟಂಥ ಬಿಸಿಲು. ರಸ್ತೆಯಲ್ಲೆಲ್ಲ ಮುರಿದ ಕೊಂಬೆ, ಒಂದು ಕಡೆ ವಿದ್ಯುತ್ ಕಂಬ ಅಡ್ಡ ಬಿದ್ದು ಸುತ್ತಿ ಹೋಗಬೇಕಾಯಿತು. ಇಂಡಿಯನೋಲಾದಲ್ಲಿ ಬ್ಲೂಸ್ ಗಿಟಾರ್‌ನ ದೊಡ್ಡ ಹೆಸರು ಬಿ.ಬಿ. ಕಿಂಗ್ ವಸ್ತುಸಂಗ್ರಹಾಲಯ ಇದೆ, ಪ್ರವಾಸಿಗಳೆಲ್ಲ ಅಲ್ಲಿಗೇ. ಜಾರ್ಜ್ ಜಾಕ್ಸನ್ ಹುಟ್ಟಿದ್ದೂ ಈ ಊರಲ್ಲೇ. ಅವರಿಗಾಗಿ ಊರೊಳಗೆ ನಿಧಾನ ಒಂದು ಸುತ್ತು ಹಾಕಿ, ಯಾಝೂ ಸಿಟಿ ದಾಟಿ ಕತ್ತಲಾಗುವ ಹೊತ್ತಿಗೆ ಮಿಸ್ಸಿಸ್ಸಿಪ್ಪಿಯ ರಾಜಧಾನಿ ಜಾಕ್ಸನ್ ಸೇರಿದೆವು.

ಮಂಗಳವಾರ, ಜಾಕ್ಸನ್

ಮಲಾಕೋ ರೆಕಾರ್ಡ್ ಕಂಪನಿ ನಾರ್ತ್‌ಸೈಡ್ ಡ್ರೈವ್‌ನಲ್ಲಿದೆ. ಹೊರಗೆ ಮಿಸ್ಸಿಸ್ಸಿಪ್ಪಿ ಬ್ಲೂಸ್ ಟ್ರೇಲ್‌ನ ನೀಲಿ ಫಲಕ. ಈ ಫಲಕಗಳು ರಾಜ್ಯದ ತುಂಬ ಇವೆ, ಅವನ್ನೇ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. 1970ರ ಮೇ ತಿಂಗಳ ಒಂದು ಭಾನುವಾರ ನ್ಯೂ ಆರ್ಲಿಯನ್ಸ್‌ನಿಂದ ಸಂಗೀತ ಸಂಯೋಜಕ ವಾರ್ಡೆಲ್ ಕೆಝರ್ಗ್ ಹಾಡುಗಾರರನ್ನು ಶಾಲೆ ಬಸ್ಸಿನಲ್ಲಿ ತುಂಬಿಕೊಂಡು ಇಲ್ಲಿಗೆ ಬಂದರು. ಒಂದೇ ದಿನ ಕಿಂಗ್ ಫ್ಲಾಯ್ಡ್‌ರ 'ಗ್ರೂವ್ ಮಿ', ಜೀನ್ ನೈಟ್‌ರ 'ಮಿಸ್ಟರ್ ಬಿಗ್ ಸ್ಟಫ್' ಎರಡೂ ರೆಕಾರ್ಡ್ ಆದವು. ದೊಡ್ಡ ಕಂಪನಿಗಳು ಮೊದಲು ಎರಡನ್ನೂ ಬೇಡ ಅಂದವು. ಆಮೇಲೆ ಎರಡೂ ದೇಶವೆಲ್ಲ ಓಡಿದವು.

2011ರ ಏಪ್ರಿಲ್ 15ರಂದು ಸುಂಟರಗಾಳಿ ಈ ಕಟ್ಟಡವನ್ನು ಒಡೆದು ಹಾಕಿತು. ಹಾಡುಗಳ ಮೂಲ ಟೇಪ್‌ಗಳು ಕಾಂಕ್ರೀಟ್ ಕೋಣೆಯಲ್ಲಿ ಇದ್ದವು, ಉಳಿದವು. ಮೊನ್ನೆ ರಾತ್ರಿ ಒಗೆಯುವ ಕೋಣೆಯಲ್ಲಿ ಕೂತು ಬಂದ ನಮಗೆ ಆ ಗೋಡೆ ಎದುರು ನಿಂತಾಗ ಮೈ ಜುಂ ಅಂದಿತು. ಝಡ್.ಝಡ್. ಹಿಲ್, ಜಾನಿ ಟೇಲರ್, ಡೆನಿಸ್ ಲಸಾಲ್, ಬಾಬಿ ಬ್ಲಾಂಡ್, ಬೇರೆ ಕಂಪನಿಗಳು ಕಾಲ ಮುಗಿಯಿತು ಅಂತ ಬಿಟ್ಟವರನ್ನೆಲ್ಲ 1980ರ ದಶಕದಲ್ಲಿ ಹಾಡಿಸಿದ್ದು ಈ ಕಂಪನಿ. ಹಿಲ್‌ರ 'ಡೌನ್ ಹೋಮ್' ಎಲ್‌ಪಿ ಹತ್ತಿರ ಎರಡು ವರ್ಷ ಪಟ್ಟಿಯಲ್ಲಿತ್ತು. ವಿಮರ್ಶಕರು ಈ ರೆಕಾರ್ಡುಗಳನ್ನು ಹಳೆ ಸೋಲ್‌ನ ಬಾಲ ಅನ್ನುವಂತೆ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಊಟಕ್ಕೆ ಮೊದಲು ಮನೆಮಂದಿ ಹಾಕಿಕೊಳ್ಳುವ ಹಾಡು ಯಾವುದರ ಬಾಲವೂ ಅಲ್ಲ.

ಮಧ್ಯಾಹ್ನ ಫೇರಿಷ್ ಸ್ಟ್ರೀಟ್‌ನ ಬಿಗ್ ಆಪಲ್ ಇನ್‌ನಲ್ಲಿ ಹಂದಿಕಿವಿ ಸ್ಯಾಂಡ್‌ವಿಚ್. ಮೆತ್ತಗೆ ಬೇಯಿಸಿ, ಸಾಸಿವೆ, ಕೋಸು, ಖಾರದ ಸಾಸ್ ಹಾಕಿ ಪುಟ್ಟ ಬನ್ನಿನಲ್ಲಿ ಕೊಡುತ್ತಾರೆ. ಕರಿಯರ ಹಕ್ಕಿನ ಹೋರಾಟದ ಮೆಡ್ಗರ್ ಎವರ್ಸ್ ಕಚೇರಿ ಇದ್ದದ್ದು ಇದೇ ಅಂಗಡಿಯ ಮಹಡಿ ಮೇಲೆ. ಬೀದಿಯ ಬಹಳಷ್ಟು ಅಂಗಡಿ ಮುಚ್ಚಿವೆ.

ವಾಪಸ್ ದಾರಿ ನ್ಯಾಚಸ್ ಟ್ರೇಸ್. ಲಾರಿ ಇಲ್ಲ, ಜಾಹೀರಾತು ಇಲ್ಲ, ಪೆಟ್ರೋಲ್ ಬಂಕೂ ಇಲ್ಲ. ಹತ್ತುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ, ವೇಗದ ಮಿತಿ 50 ಮೈಲಿ. ಹಾಡು ಕೇಳಲು ಹೇಳಿ ಮಾಡಿಸಿದ ರಸ್ತೆ. ಜಾಕ್ಸನ್ ಊರಿನವರೇ ಆದ ಡೊರೊತಿ ಮೂರ್ ಹಾಡಿದ 'ಮಿಸ್ಟಿ ಬ್ಲೂ' ಹಾಕಿದೆ. 1973ರಲ್ಲಿ ಮಲಾಕೋದಲ್ಲಿ ಹಾಡಿದ್ದು. ಯಾರೂ ಕೊಳ್ಳಲಿಲ್ಲ, ಟೇಪ್ ಹಾಗೇ ಕಪಾಟಿಗೆ ಹೋಯಿತು. 1975ರ ಕೊನೆಗೆ ಕಂಪನಿ ಮುಳುಗುವ ಸ್ಥಿತಿ, ಉಳಿದ ಕಾಸಿನಲ್ಲಿ ತಾವೇ ರೆಕಾರ್ಡ್ ಹೊರತಂದರು, 1976ರಲ್ಲಿ ದೇಶದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿತು.

"ಅಂದ್ರ ಇನ್ನೂ ಎಷ್ಟು ಟೇಪ್ ಹಂಗ ಬಿದ್ದಿರಬೇಕು?" ಅಂದರು ಭಾವ. ಬೇಕಾದಷ್ಟು. ಏಸ್‌ನವರು ತೆಗೆಯುತ್ತಲೇ ಇದ್ದಾರೆ, ಒಂದೊಂದೇ ತರಿಸಿಕೊಳ್ಳುತ್ತಿದ್ದೇನೆ. ಹೊಸದಾಗಿ ಕೇಳುವವರು ಜೇಮ್ಸ್ ಕಾರ್‌ನಿಂದ ಶುರು ಮಾಡಿ, ಆಮೇಲೆ ರೈಟ್, ಆಮೇಲೆ ವಿಗಿನ್ಸ್. ಭಾವ ಈಗ ಬೆಳಿಗ್ಗೆ ಮನ್ಸೂರರ ನಂತರ ರೈಟ್ ಹಾಕುತ್ತಾರೆ ಅಂತ ಅಕ್ಕ ಫೋನ್ ಮಾಡಿ ಹೇಳಿದಳು.